ಉಮೇದುವಾರ

ಚುನಾವಣೆ ಬಂತೆಂದರೆ ನಮ್ಮ ಬೀದಿಗಳಲ್ಲಿ ಉಮೇದುವಾರರ ಮೆರವಣಿಗೆಗಳು ಹೊರಡುತ್ತವೆ. ಹೂಮಾಲೆ, ತಮಟೆ, ತೆರೆದ ಜೀಪು, ಮುಗಿದ ಕೈಗಳು! ಅಂಥದೊಂದು ಮೆರವಣಿಗೆಯ ಸದ್ದು ಕಾಲೇಜಿನ ಕಿಟಕಿಯಿಂದ ಒಳನುಗ್ಗಿ ನನ್ನ ಪಾಠವನ್ನು ನಿಲ್ಲಿಸಿದ ದಿನ, ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಉಮೇದುವಾರ ಎಂದರೆ ಉಮೇದು ಇರುವವನು ಎಂದೇ ಅರ್ಥವೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನಕ್ಕು ಬಿಡುವಂಥದಾಗಿರಲಿಲ್ಲ.

ಪಾರಸಿಯಲ್ಲಿ ‘ಉಮ್ಮೀದ್’ ಎಂದರೆ ಆಸೆ, ಭರವಸೆ. ಕನ್ನಡಕ್ಕೆ ಬಂದು ಅದು ‘ಉಮೇದು’ ಆಯಿತು. ಹುರುಪು ಎಂಬ ಅರ್ಥವನ್ನೂ ತಾಳಿತು. ಉಮೇದುವಾರನೆಂದರೆ ಆಸೆ ಹೊತ್ತವನು. ಇಂದು ಅವನು ನಮ್ಮ ಮನೆಬಾಗಿಲಿಗೆ ಬಂದು ಮತ ಬೇಡುತ್ತಾನೆ. ಬ್ರಿಟಿಷರ ಕಾಲದಲ್ಲಾದರೋ ಅವನು ಸರ್ಕಾರದ ಬಾಗಿಲಲ್ಲಿ ನಿಂತು ನೌಕರಿ ಬೇಡುತ್ತಿದ್ದನು. ಈ ಒಂದು ಪದವು ಕಚೇರಿಯ ಜಗಲಿಯಿಂದ ಮತಗಟ್ಟೆಯವರೆಗೆ ನಡೆದು ಬಂದ ದಾರಿಯನ್ನು ಹಿಡಿದು ಹೋದರೆ, ನಮ್ಮ ಹಿರಿಯರು ಪರಕೀಯ ಸರ್ಕಾರದೊಡನೆ ಬಾಳಿದ ಬಾಳಿನ ಕಥೆಯೇ ಕಣ್ಣಮುಂದೆ ಬರುತ್ತದೆ.

ಕಚೇರಿಯ ಜಗಲಿ

ಆ ಕಾಲದ ಜಿಲ್ಲಾ ಕಚೇರಿಗಳಲ್ಲಿ ಸಂಬಳದ ಗುಮಾಸ್ತರ ಜೊತೆಗೆ ಸಂಬಳವಿಲ್ಲದ ತರುಣರೂ ಕೆಲವರು ಕುಳಿತಿರುತ್ತಿದ್ದರು. ಕಾಗದಗಳನ್ನು ನಕಲು ಮಾಡುವುದು, ಕಡತ ಕಟ್ಟುವುದು, ಲೆಕ್ಕ ತಾಳೆ ನೋಡುವುದು ಇವರ ಕೆಲಸ. ಎಂದಾದರೊಂದು ದಿನ ಜಾಗವೊಂದು ತೆರವಾದೀತು, ಶಿರಸ್ತೇದಾರರ ಕೃಪೆ ತಮ್ಮ ಮೇಲೆ ಬಿದ್ದೀತು ಎಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯುತ್ತಿದ್ದ ಇವರಿಗೇ ಉಮೇದುವಾರರೆಂದು ಹೆಸರು.

ಇವರು ಕಲಿಯಬೇಕಾಗಿದ್ದ ಕಚೇರಿಯ ಭಾಷೆ ಮನೆಯ ಭಾಷೆಯಾಗಿರಲಿಲ್ಲ. ಅರ್ಜಿ, ರುಜು, ಹಾಜರಿ, ಅಸಲು, ನಕಲು, ಬಾಕಿ, ವಕೀಲ, ಜಾಮೀನು, ಖಜಾನೆ, ಜವಾನ – ಇಂದು ನಾವು ಅಚ್ಚಗನ್ನಡವೆಂಬಂತೆ ಆಡುವ ಈ ಮಾತುಗಳೆಲ್ಲ ಸುಲ್ತಾನರ, ಮರಾಠರ ದಫ್ತರಗಳಿಂದ ಬಂದವು. ಆಂಗ್ಲರು ಅವನ್ನು ಹಾಗೆಯೇ ಉಳಿಸಿಕೊಂಡರು. ಬಂಗಾಳದ ಕೋರ್ಟುಗಳಲ್ಲಿ ೧೮೩೭ರವರೆಗೆ ಪಾರಸಿಯೇ ನಡೆಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಕಡೆ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯ ಪ್ರಾಬಲ್ಯ; ಅಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಲು ವಿದ್ಯಾಧಿಕಾರಿ ಡೆಪ್ಯೂಟಿ ಚನ್ನಬಸಪ್ಪನವರು ಪಟ್ಟ ಶ್ರಮ ಅಷ್ಟಿಷ್ಟಲ್ಲ.

ಈ ನಡುವೆ ೧೮೪೪ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ಒಂದು ನಿರ್ಣಯ ಮಧ್ಯಮವರ್ಗದ ಮನೆಗಳ ಹಣೆಬರಹವನ್ನೇ ಬದಲಾಯಿಸಿತು. ಸರ್ಕಾರಿ ಕೆಲಸಗಳಿಗೆ ಇಂಗ್ಲಿಷ್ ಕಲಿತವರನ್ನು ಮೊದಲು ತೆಗೆದುಕೊಳ್ಳತಕ್ಕದ್ದು ಎಂಬುದೇ ಆ ನಿರ್ಣಯದ ಸಾರ. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದ ಮೇಲಂತೂ ಓದು ಎಂದರೆ ನೌಕರಿ, ನೌಕರಿ ಎಂದರೆ ಸರ್ಕಾರ ಎಂಬ ಗಂಟು ಬಿಗಿಯಾಯಿತು. ಹೊಲ ಮಾರಿ ಮಗನನ್ನು ಓದಿಸಿದ ತಂದೆಯೂ ಒಬ್ಬ ಉಮೇದುವಾರನೇ ಅಲ್ಲವೆ?

ಬಾಗಿಲೇನೋ ಎಲ್ಲರಿಗೂ ತೆರೆದಿದೆಯೆಂದು ಸರ್ಕಾರ ಹೇಳುತ್ತಿದ್ದಿತು. ಹೊಸ್ತಿಲು ಮಾತ್ರ ಬಹಳ ಎತ್ತರವಾಗಿದ್ದಿತು. ಸಿವಿಲ್ ಸರ್ವೀಸಿಗೆ ೧೮೫೫ರಲ್ಲಿ ಸ್ಪರ್ಧಾ ಪರೀಕ್ಷೆ ಆರಂಭವಾಯಿತು. ಅದು ನಡೆಯುತ್ತಿದ್ದುದು ಲಂಡನ್ನಿನಲ್ಲಿ! ೧೮೭೬ರಲ್ಲಿ ವಯೋಮಿತಿಯನ್ನು ೨೧ರಿಂದ ೧೯ಕ್ಕೆ ಇಳಿಸುವ ತೀರ್ಮಾನವಾಯಿತು. ಭಾರತದ ನೆಲದ ಮೇಲೆ ಆ ಪರೀಕ್ಷೆ ನಡೆದುದು ೧೯೨೨ರಲ್ಲಿ.

ಹೊಸ್ತಿಲು ದಾಟಿದವರಲ್ಲಿಯೂ ಎಲ್ಲ ಜಾತಿಯವರು ಇರಲಿಲ್ಲ. ಮೊದಲಿನಿಂದ ಅಕ್ಷರ ಬಲ್ಲ ಮನೆತನಗಳೇ ಮುಂದೆ ನಡೆದವು; ಉಳಿದವರು ಜಗಲಿಯ ಕೆಳಗೇ ನಿಂತರು. ಮೈಸೂರು ಸಂಸ್ಥಾನದಲ್ಲಿ ಇದರ ವಿಚಾರಕ್ಕಾಗಿ ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕೆಂದು ಅದು ಸಲಹೆ ಮಾಡಿತು. ಗುಮಾಸ್ತನ ಕುರ್ಚಿ ಬರಿಯ ಮರದ ಕುರ್ಚಿಯಲ್ಲ, ಅದು ಅಧಿಕಾರದ ಒಂದು ಪಾಲು ಎಂಬುದು ಆಗ ಎಲ್ಲರಿಗೂ ಸ್ಪಷ್ಟವಾಯಿತು.

ನ್ಯಾಯದ ಮೆಟ್ಟಿಲು

ಸಿವಿಲ್ ಸರ್ವೀಸಿನ ಹೊಸ್ತಿಲನ್ನು ಮೊದಲು ದಾಟಿದ ಭಾರತೀಯರು ಸತ್ಯೇಂದ್ರನಾಥ ಠಾಕೂರರು, ವರ್ಷ ೧೮೬೩. ಮುಂಬಯಿ ಪ್ರಾಂತದಲ್ಲಿ ಸೇವೆ ಸಲ್ಲಿಸಿದ ಅವರು ೧೮೮೩ರ ಸುಮಾರಿಗೆ ನಮ್ಮ ಕಾರವಾರದಲ್ಲಿ ಜಡ್ಜಿಯಾಗಿದ್ದರು. ಅವರ ಕಿರಿಯ ಸೋದರ ರವೀಂದ್ರನಾಥರು ಅಲ್ಲಿಗೆ ಬಂದು ಉಳಿದು, ಕಡಲಿನ ಚೆಲುವನ್ನು ಕಂಡು, ನಾಟಕವೊಂದನ್ನು ಬರೆದುದು ಸಾಹಿತ್ಯಪ್ರಿಯರಿಗೆ ಗೊತ್ತಿರುವ ಸಂಗತಿ. ಆದರೆ ಅದೇ ೧೮೮೩ರಲ್ಲಿ ದೇಶದ ಆಂಗ್ಲರೆಲ್ಲ ಒಂದು ಮಸೂದೆಯ ಮೇಲೆ ಕೆರಳಿ ನಿಂತಿದ್ದರು. ಜಿಲ್ಲೆಗಳಲ್ಲಿ ಯುರೋಪಿಯನ್ ಅಪರಾಧಿಯನ್ನು ಭಾರತೀಯ ಜಡ್ಜಿಯೂ ವಿಚಾರಣೆ ಮಾಡಬಹುದು ಎಂದು ಹೇಳಿದುದೇ ಆ ಇಲ್ಬರ್ಟ್ ಮಸೂದೆಯ ತಪ್ಪು! ಕೊನೆಗೆ ೧೮೮೪ರಲ್ಲಿ ರಾಜಿಯಾಯಿತು: ಭಾರತೀಯ ಜಡ್ಜಿ ವಿಚಾರಿಸಬಹುದು, ಆದರೆ ಆರೋಪಿ ಕೇಳಿದರೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಬಿಳಿಯರುಳ್ಳ ಜ್ಯೂರಿಯನ್ನು ಕೊಡಬೇಕು. ಕುರ್ಚಿಯಲ್ಲಿ ಕುಳಿತವನೂ ಪೂರ್ಣ ಕುಳಿತಂತಾಗಲಿಲ್ಲ.

ಹಾಗೆಂದು ಆ ನ್ಯಾಯಾಡಳಿತದಲ್ಲಿ ಒಳ್ಳೆಯದೇ ಇರಲಿಲ್ಲವೆಂದರೆ ಅನ್ಯಾಯವಾದೀತು. ೧೮೫೯ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ, ೧೮೬೦ರಲ್ಲಿ ದಂಡ ಸಂಹಿತೆ, ೧೮೬೧ರಲ್ಲಿ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಬಂದವು. ೧೮೬೨ರಲ್ಲಿ ಮೂರು ಹೈಕೋರ್ಟುಗಳಾದವು. ಕಾಯಿದೆ ಅಚ್ಚಾದ ಪುಸ್ತಕವಾಯಿತು. ಜಮೀನುದಾರನ ಮೇಲೆ ಗೇಣಿದಾರನೂ ದಾವೆ ಹೂಡಬಹುದೆಂಬುದು, ಬರಹದಲ್ಲಿಯಾದರೂ, ದೊಡ್ಡ ಮಾತೇ.

ಬರಹಕ್ಕೂ ಬದುಕಿಗೂ ನಡುವೆ ಇದ್ದುದು ಛಾಪಾ ಕಾಗದ. ೧೮೭೦ರ ಕೋರ್ಟು ಶುಲ್ಕದ ಕಾಯಿದೆಯಂತೆ ಹಣ, ಆಸ್ತಿಗಳ ದಾವೆಯಲ್ಲಿ ಮೊತ್ತ ಏರಿದಂತೆ ಶುಲ್ಕವೂ ಏರುತ್ತಿದ್ದಿತು. ಕೆಳಗಿನ ಕೋರ್ಟಿನಲ್ಲಿ ದೇಶಭಾಷೆ ನಡೆದರೂ ಹೈಕೋರ್ಟಿನಲ್ಲಿ ಇಂಗ್ಲಿಷ್. ಬಳ್ಳಾರಿಯ ರೈತ ಅಪೀಲಿಗಾಗಿ ಮದ್ರಾಸಿಗೆ, ಧಾರವಾಡದ ರೈತ ಮುಂಬಯಿಗೆ ಹೋಗಬೇಕು. ಅಲ್ಲಿಯೂ ತೀರದಿದ್ದರೆ ಕೊನೆಯ ಮೆಟ್ಟಿಲು ಲಂಡನ್ನಿನ ಪ್ರಿವಿ ಕೌನ್ಸಿಲ್. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮ ಜನರ ಬಾಯಲ್ಲಿ ನಿಂತುದು ಸುಮ್ಮನೆ ಅಲ್ಲ.

ಬಣ್ಣದ ಪೆಟ್ಟಿಗೆ

ಇನ್ನು ಮೂರನೆಯ ಬಾಗಿಲು ಚುನಾವಣೆಯದು. ೧೮೮೧ರಲ್ಲಿ ಮೈಸೂರಿನ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲಿಗೆ ಅದರ ಸದಸ್ಯರು ಚುನಾಯಿತರಲ್ಲ. ೧೮೯೧ರಿಂದ ಆಯ್ಕೆಯ ಪದ್ಧತಿ ಬಂದಿತು. ಅಹವಾಲು ಹೇಳಿಕೊಳ್ಳಬಹುದಾಗಿದ್ದ ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಬ್ರಿಟಿಷ್ ಪ್ರಾಂತಗಳಲ್ಲಿ ೧೯೧೯ರ ಕಾಯಿದೆ ಬಂದ ಮೇಲೆ ೧೯೨೦ರಲ್ಲಿ ಪ್ರಾಂತೀಯ ಶಾಸನಸಭೆಗಳಿಗೆ ಚುನಾವಣೆ ನಡೆಯಿತು. ೨೪ ಕೋಟಿಗೂ ಮೀರಿದ ಜನರಲ್ಲಿ ಮತದ ಹಕ್ಕು ದೊರೆತುದು ಸುಮಾರು ೫೦ ಲಕ್ಷ ಮಂದಿಗೆ ಮಾತ್ರ. ಇಷ್ಟು ಕಂದಾಯ ಕಟ್ಟುವವನು, ಇಷ್ಟು ತೆರಿಗೆ ತೆರುವವನು ಮತದಾರ. ಎಂದರೆ, ಮತ ಇದ್ದುದು ಮನುಷ್ಯನಿಗಲ್ಲ, ಅವನ ಆಸ್ತಿಗೆ.

ಹೆಂಗಸರ ಮಾತಂತೂ ಕೇಳುವುದೇ ಬೇಡ. ಮದ್ರಾಸು ಪ್ರಾಂತದ ಶಾಸನಸಭೆ ೧೯೨೧ರಲ್ಲಿ ಅವರಿಗೆ ಮತದ ಹಕ್ಕನ್ನು ಒಪ್ಪಿತು. ಆಸ್ತಿಯ ನಿಬಂಧನೆ ಮಾತ್ರ ಹಾಗೆಯೇ ಉಳಿಯಿತು. ೧೯೨೬ರಲ್ಲಿ ಸ್ಪರ್ಧಿಸುವ ಅವಕಾಶವೂ ದೊರೆತಾಗ, ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ತಮ್ಮ ಊರಿನಿಂದಲೇ ಆ ಪ್ರಾಂತದ ಶಾಸನಸಭೆಗೆ ನಿಂತರು. ಕೆಲವೇ ಮತಗಳ ಅಂತರದಿಂದ ಸೋತರು. ಶಾಸನಸಭೆಯ ಬಾಗಿಲಲ್ಲಿ ನಿಂತ ಮೊದಮೊದಲ ಮಹಿಳಾ ಉಮೇದುವಾರರಲ್ಲಿ ಅವರೊಬ್ಬರು.

೧೯೩೫ರ ಕಾಯಿದೆ ಬಂದ ಮೇಲೆ ಮತದಾರರ ಸಂಖ್ಯೆ ೩ ಕೋಟಿಯನ್ನು ದಾಟಿತು. ಅವರಲ್ಲಿ ಅಕ್ಷರ ಬಾರದವರೇ ಬಹಳ. ಅವರು ಮತ ಹಾಕುವುದು ಹೇಗೆ? ೧೯೩೭ರ ಚುನಾವಣೆಯಲ್ಲಿ ಮದ್ರಾಸು ಪ್ರಾಂತದವರು ಬಣ್ಣದ ಪೆಟ್ಟಿಗೆಗಳನ್ನು ಇಟ್ಟರು. ಕಾಂಗ್ರೆಸ್ಸಿನದು ಹಳದಿ ಪೆಟ್ಟಿಗೆ. ಓದು ಬಾರದಿದ್ದರೂ ಬಣ್ಣ ತಿಳಿಯದೆ? ನೌಕರಿಗೆ ಇಂಗ್ಲಿಷ್ ಬೇಕು, ದಾವೆಗೆ ಛಾಪಾ ಕಾಗದ ಬೇಕು ಎನ್ನುತ್ತಿದ್ದ ಆಡಳಿತ, ಇಲ್ಲಿ ಮಾತ್ರ ಅಕ್ಷರವಿಲ್ಲದವನ ಕಡೆಗೆ ಒಂದು ಹೆಜ್ಜೆ ಬಾಗಿತು.

ಹೆಸರಿನ ಪಟ್ಟಿ

ಈ ಮೂರು ಬಾಗಿಲುಗಳ ಪರಿಚಯವೂ ಇದ್ದ ಕನ್ನಡ ನಾಡಿನ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ೧೮೮೭ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ಸಿವಿಲ್ ಸರ್ವೀಸಿನವರು; ಕಲ್ಕತ್ತ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು; ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರು. ಸಂವಿಧಾನ ಅಂಗೀಕಾರವಾಗುವ ಮೊದಲೇ, ೧೯೪೮ರಲ್ಲಿ, ಆ ಸಭೆಯ ಸಚಿವಾಲಯವು ಮತದಾರರ ಪಟ್ಟಿಯ ಕೆಲಸಕ್ಕೆ ಕೈಹಾಕಿತು. ಈ ಸಲ ಆಸ್ತಿ ಬೇಡ, ಅಕ್ಷರ ಬೇಡ; ವಯಸ್ಸು ತುಂಬಿದ ಪ್ರತಿಯೊಬ್ಬರೂ ಸೇರಬೇಕು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದವರು, ತಾವು ಇಲ್ಲಿಯೇ ನೆಲಸುತ್ತೇವೆಂದು ಹೇಳಿಕೆ ಕೊಟ್ಟರೆ ಸಾಕು, ಅವರ ಹೆಸರನ್ನೂ ಬರೆದುಕೊಳ್ಳಬೇಕು.

ಬರೆದವರು ಯಾರು? ಅದೇ ಗುಮಾಸ್ತರು! ೧೯೫೧–೫೨ರ ಮೊದಲ ಮಹಾಚುನಾವಣೆಗಾಗಿ ಪಟ್ಟಿಗಳನ್ನು ಟೈಪು ಮಾಡಿ ಜೋಡಿಸಲು ಆರು ತಿಂಗಳ ಕರಾರಿನ ಮೇಲೆ ೧೬,೫೦೦ ಗುಮಾಸ್ತರನ್ನು ನೇಮಿಸಿದರು. ಪಟ್ಟಿಯಲ್ಲಿ ೧೭ ಕೋಟಿಗೂ ಹೆಚ್ಚು ಹೆಸರುಗಳು. ಕಂದಾಯದ ಬಾಕಿ ಬರೆಯಲೆಂದು, ಸಮನ್ಸು ನಕಲು ಮಾಡಲೆಂದು ಪರಕೀಯರು ಪಳಗಿಸಿದ ಲೇಖನಿಯೇ ಈಗ ರೈತ, ಕೂಲಿ, ಜಾಡಮಾಲಿ, ಜಮೀನುದಾರರನ್ನು ಒಂದೇ ಸಾಲಿನಲ್ಲಿ ಬರೆಯಿತು. ಲೇಖನಿ ಅದೇ, ಬರೆಯಿಸಿದವರು ಬೇರೆ. ಆ ಬದಲಾವಣೆಯನ್ನೇ ನಾವು ಸ್ವಾತಂತ್ರ್ಯ ಎನ್ನುತ್ತೇವೆ.

ಆದರೂ ಒಂದು ಲೋಪ ಉಳಿಯಿತು. ಹೆಸರು ಕೇಳಲು ಹೋದಾಗ, ಉತ್ತರದ ಹಲವು ಪ್ರಾಂತಗಳಲ್ಲಿ ಅನೇಕ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ – ಅಷ್ಟೇ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು, ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಜಾಗವಿಲ್ಲ ಎಂದು ನಿರ್ಧರಿಸಿದರು. ಸುಮಾರು ೮ ಕೋಟಿ ಮಹಿಳೆಯರಲ್ಲಿ ೨೮ ಲಕ್ಷ ಮಂದಿಯ ನಮೂದು ಹೀಗೆ ಬಿದ್ದುಹೋಯಿತು. ಅದು ಕಠಿಣ ನಿರ್ಧಾರ. ಆದರೆ ಯಾರದೋ ಹೆಂಡತಿಯಾಗಿ ಅಲ್ಲ, ತಾನಾಗಿ ಮತ ಹಾಕಬೇಕು ಎಂಬ ಮಾತನ್ನು ಸರ್ಕಾರ ಹೆಣ್ಣಿಗೆ ಹೇಳಿದುದೂ ಸಣ್ಣದಲ್ಲ.

ಮರುದಿನ ತರಗತಿಯಲ್ಲಿ ನಾನು ಇಷ್ಟನ್ನೂ ಹೇಳಿದೆ. ಹುಡುಗಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆಸೆ ಹೊತ್ತವರು ಮೆರವಣಿಗೆಯಲ್ಲಿ ಹೋಗುವವರು ಮಾತ್ರವಲ್ಲ ಸಾರ್” ಎಂದಳು. ನಿಜ. ಪಟ್ಟಿ ಹಿಡಿದು ಯಾರಾದರೂ ನಿಮ್ಮ ಮನೆಗೆ ಬಂದಾಗ, ಬಿಸಿಲಲ್ಲಿ ಬಂದವರನ್ನು ಒಳಗೆ ಕೂರಿಸಿ ಒಂದು ಲೋಟ ನೀರು ಕೊಡಿ. ಹದಿನೆಂಟು ತುಂಬಿದ ಮಗಳ ಹೆಸರನ್ನು ಅವಳ ಬಾಯಿಂದಲೇ ಹೇಳಿಸಿ, ಕಾಗುಣಿತ ತಪ್ಪದಂತೆ ಬರೆಯಿಸಿ. ಆ ಒಂದು ಸಾಲಿಗಾಗಿ ನಮ್ಮ ಹಿರಿಯರು ಬಹಳ ಕಾಲ ಜಗಲಿಯಲ್ಲಿ ಕಾದಿದ್ದರು.