ಅರ್ಧ ಕಾರು ಕೊಳ್ಳುವ ಮುನ್ನ

ಕಿರವತ್ತಿಯಂಥ ಊರಿನ ಕೊಟ್ಟಿಗೆಯಲ್ಲಿ, ಬಿಡಿಭಾಗಗಳು ಕಳೆದುಹೋದ ಹಳೆಯ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ ಎಂದಿಟ್ಟುಕೊಳ್ಳಿ. ಮೊದಲ ಬಾರಿಗೆ ಕಾರು ಕಟ್ಟಹೊರಟವರಿಗೆ ಅದರ ಅಗ್ಗದ ಬೆಲೆಯೇ ಆಕರ್ಷಣೆ. ಆದರೆ ಇಲ್ಲದ ಭಾಗಗಳ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ‘ಸ್ಟಾರ್ಮ್’ ಇದಕ್ಕೆ ನಿದರ್ಶನ. ಎರಡೇ ಆಸನ, ಫೈಬರ್ ಗ್ಲಾಸ್ ಕವಚ, ರೆನೊ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್. ಇದರ ಉತ್ಪಾದನೆ ನಿಂತು ವರ್ಷಗಳೇ ಕಳೆದಿವೆ. ಇದೇ ಎಂಜಿನ್ ಯುರೋಪಿನ ಕ್ಲಿಯೊ, ಟ್ವಿಂಗೊ ಕಾರುಗಳಲ್ಲೂ ಇದ್ದುದರಿಂದ ಅದರ ಭಾಗಗಳನ್ನು ಹೊರಗಿನಿಂದ ತರಿಸಲು ಯತ್ನಿಸಬಹುದು. ಆದರೆ ಈ ಕಾರಿಗೆಂದೇ ಮಾಡಿದ ಗಾಜು, ಮಡಚುವ ಚಾವಣಿ ಕಳೆದಿದ್ದರೆ ಹೊಸದಾಗಿ ಮಾಡಿಸಬೇಕು, ಇಲ್ಲವೇ ಇನ್ನೊಂದು ಸ್ಟಾರ್ಮ್ ಹುಡುಕಬೇಕು.

ಫೈಬರ್ ಕವಚಕ್ಕೆ ತುಕ್ಕು ಹಿಡಿಯದು. ಅದರಡಿಯ ಉಕ್ಕಿಗೆ ಹಿಡಿಯುತ್ತದೆ. ಮಳೆ ಹೆಚ್ಚಿರುವ ಕಡೆ ವರ್ಷಗಟ್ಟಲೆ ನಿಂತ ಗಾಡಿಯನ್ನು ಎತ್ತಿಸಿ, ಅಡಿಭಾಗವನ್ನು ತಟ್ಟಿ ನೋಡದೆ ಮುಂಗಡ ಕೊಡಬೇಡಿ.

ದಾಖಲೆಗಳು ಅಷ್ಟೇ ಮುಖ್ಯ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರದೊಂದಿಗೆ ತಾಳೆಯಾಗಬೇಕು. ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಮಾಲೀಕರ ಸಹಿ ಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಬಳಿಕ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಕಾರು ತಪಾಸಣೆಯಲ್ಲಿ ತೇರ್ಗಡೆಯಾಗಬೇಕು.

ಆದ್ದರಿಂದ ಇಲ್ಲದ ಭಾಗಗಳ ಪಟ್ಟಿ ಮಾಡಿ, ಪ್ರತಿಯೊಂದರ ಬೆಲೆ ವಿಚಾರಿಸಿ, ನಂತರವೇ ಚೌಕಾಶಿಗೆ ಕೂರಿ. ದಾಖಲೆಯಿಲ್ಲದ ಕಾರು ಎಷ್ಟೇ ಅಗ್ಗವಾದರೂ ಕೊಟ್ಟಿಗೆಯಲ್ಲೇ ಉಳಿಯಲಿ.