ಒಂದು ಮಿಲಿಮೀಟರ್ ಎಬ್ಬಿಸಿದ ಗದ್ದಲ

2020ರ ಸೆಪ್ಟೆಂಬರ್ 1ರಂದು ರೋಲೆಕ್ಸ್ ತನ್ನ ಸಬ್‌ಮರಿನರ್ ವಾಚಿನ ಹೊಸ ಆವೃತ್ತಿಯನ್ನು ಹೊರತಂದಾಗ ಎಲ್ಲರ ಬಾಯಲ್ಲಿದ್ದದ್ದು ಒಂದೇ ಅಂಕಿ. ಕೇಸಿನ ಅಗಲ 40 ಮಿಲಿಮೀಟರಿನಿಂದ 41ಕ್ಕೆ ಏರಿತ್ತು. 1953ರಲ್ಲಿ ಹುಟ್ಟಿ, ರೂಪುರೇಖೆಯನ್ನು ಅಷ್ಟಾಗಿ ಬಿಟ್ಟುಕೊಡದೆ ಬಂದ ಮುಳುಗುಗಾರರ ವಾಚು ಇದು. ಹಾಗಾಗಿ ಅಭಿಮಾನಿಗಳು ಗಾಬರಿಯಾದದ್ದು ಸಹಜ. ಆದರೆ ಆ ಬಾರಿ ಆದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಮಹತ್ವದ್ದು ಈ ಒಂದು ಮಿಲಿಮೀಟರೇ. ಈ ವಾಚಿನ ಸುತ್ತ ಇರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: ವಾಚು ಇನ್ನಷ್ಟು ದಡೂತಿಯಾಯಿತು.

ಸತ್ಯ: ಕೈಗೆ ಕಟ್ಟಿಕೊಂಡರೆ ಅನಿಸುವುದು ಇದಕ್ಕೆ ತಿರುಗುಮುರುಗು. 2010ರಲ್ಲಿ ಬಂದ ಹಿಂದಿನ ಉಕ್ಕಿನ ಮಾದರಿ ಹೆಸರಿಗೆ 40 ಮಿಲಿಮೀಟರ್ ಆದರೂ, ಚೈನು ಸೇರುವ ಲಗ್‌ಗಳು ಅಗಲವಾಗಿದ್ದು ಇಡೀ ಕೇಸು ಚೌಕಾಕಾರವಾಗಿ ಕಾಣುತ್ತಿತ್ತು. 2020ರಲ್ಲಿ ಲಗ್‌ಗಳನ್ನು ಸಣ್ಣಗೆ ಮಾಡಿ, ಅವುಗಳ ನಡುವಿನ ಜಾಗವನ್ನು 20ರಿಂದ 21 ಮಿಲಿಮೀಟರಿಗೆ ಹಿಗ್ಗಿಸಿದರು. ಮೈಕಟ್ಟು 2010ಕ್ಕಿಂತ ಹಿಂದಿನ ಮಾದರಿಗಳ ಕಡೆಗೆ ಮರಳಿತು.

ನಂಬಿಕೆ: ಒಳಗೆ ಅದೇ ಹಳೆಯ ಯಂತ್ರ, ಹೊರಗೆ ಹೊಸ ನಂಬರು.

ಸತ್ಯ: ನಿಜವಾದ ಬದಲಾವಣೆ ಆದದ್ದೇ ಒಳಗೆ. ದಿನಾಂಕ ತೋರಿಸುವ ಸಬ್‌ಮರಿನರ್‌ನಲ್ಲಿ 1980ರ ದಶಕದ ಕೊನೆಯಿಂದ ದುಡಿದ 3135 ಎಂಬ ಯಂತ್ರ ನಿವೃತ್ತವಾಗಿ 3235 ಬಂತು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗನ್ನು ಹಿಡಿದಿಡುವ ಡಬ್ಬಿಯ ಗೋಡೆಯನ್ನು ತೆಳುಮಾಡಿದ್ದರಿಂದ ಹೆಚ್ಚು ಉದ್ದದ ಸ್ಪ್ರಿಂಗಿಗೆ ಜಾಗವಾಯಿತು. ಆ ಸ್ಪ್ರಿಂಗಿನ ಶಕ್ತಿಯನ್ನು ಹನಿಹನಿಯಾಗಿ ಬಿಡುವ ಎಸ್ಕೇಪ್‌ಮೆಂಟನ್ನು ನಿಕಲ್-ಫಾಸ್ಫರಸ್ ಮಿಶ್ರಲೋಹದಲ್ಲಿ ಹೊಸದಾಗಿ ರೂಪಿಸಿದರು. ಅದರ ದಕ್ಷತೆ ಸುಮಾರು ಶೇಕಡ 15ರಷ್ಟು ಹೆಚ್ಚಿತು, ಅಯಸ್ಕಾಂತದ ಕಾಟವೂ ತಗ್ಗಿತು. ಮೊದಲು 48 ಗಂಟೆ ಓಡುತ್ತಿದ್ದ ವಾಚು ಈಗ ಸುಮಾರು 70 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ಇನ್ನೂ ಓಡುತ್ತಿರುತ್ತದೆ. ಮತ್ತೆ ಸಮಯ, ದಿನಾಂಕ ಹೊಂದಿಸುವ ಗೋಳಿಲ್ಲ. ಇಷ್ಟೆಲ್ಲ ಆದದ್ದಕ್ಕೆ ಡಯಲ್ ಮೇಲಿರುವ ಗುರುತು ಒಂದೇ: ಆರು ಗಂಟೆಯ ಕೆಳಗೆ ‘ಸ್ವಿಸ್’, ‘ಮೇಡ್’ ಪದಗಳ ನಡುವೆ ಕೂತ ಪುಟ್ಟ ಕಿರೀಟ. ಕಣ್ಣು ಕಿರಿದು ಮಾಡಿ ನೋಡಬೇಕು.

ನಂಬಿಕೆ: ಸೆಕೆಂಡಿನ ಮುಳ್ಳು ನಿಲ್ಲದೆ ಜಾರುತ್ತದೆ, ಆದ್ದರಿಂದ ಸಮಯವೂ ಅತ್ಯಂತ ನಿಖರ.

ಸತ್ಯ: ಅದು ಜಾರುವುದಿಲ್ಲ, ಸೆಕೆಂಡಿಗೆ ಎಂಟು ಬಾರಿ ಜಿಗಿಯುತ್ತದೆ. ನಮ್ಮ ಕಣ್ಣಿಗೆ ಜಾರಿದಂತೆ ತೋರುತ್ತದೆ, ಅಷ್ಟೆ. ನಿಖರತೆಗೆ ಕಂಪನಿಯೇ ಹಾಕಿಕೊಂಡ ಮಿತಿ ದಿನಕ್ಕೆ ಎರಡು ಸೆಕೆಂಡು ಹಿಂದು-ಮುಂದು. ಮೆಕ್ಯಾನಿಕಲ್ ವಾಚಿಗೆ ಇದು ದೊಡ್ಡ ಸಾಧನೆಯೇ ಸರಿ. ಆದರೆ ಸಾಮಾನ್ಯ ಬ್ಯಾಟರಿ ವಾಚು ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡಿನೊಳಗೆ ಇರುತ್ತದೆ. ಬರೀ ಸಮಯ ನೋಡುವುದಕ್ಕೆ ಇಷ್ಟು ಹಣ ಸುರಿಯಬೇಕಿಲ್ಲ.

ನಂಬಿಕೆ: ಡಯಲ್ ಸುತ್ತಲಿನ ಉಂಗುರಕ್ಕೆ, ಅಂದರೆ ಸೆರಾಮಿಕ್ ಬೆಜೆಲ್‌ಗೆ, ಏನೂ ಆಗುವುದಿಲ್ಲ.

ಸತ್ಯ: ಗೀರು ಬೀಳುವುದು ಅಪರೂಪ, ಬಿಸಿಲಿಗೆ ಬಣ್ಣವೂ ಮಾಸದು. ಆದರೆ ಗಟ್ಟಿಯಾದದ್ದಕ್ಕೆ ಬಾಗುವ ಗುಣವಿಲ್ಲ. ಜೋರಾಗಿ ಬಡಿದರೆ ಒಡೆದೀತು. ಹಳೆಯ ಅಲ್ಯೂಮಿನಿಯಂ ಬೆಜೆಲ್ ಬಿಸಿಲಲ್ಲಿ ಮಾಸುತ್ತದೆ ಎಂಬ ದೂರಿತ್ತು. ತಮಾಷೆಯೆಂದರೆ, ಹಾಗೆ ಮಾಸಿದವುಗಳಿಗೇ ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.

ನಂಬಿಕೆ: 300 ಮೀಟರ್ ಎಂದು ಬರೆದಿದೆ, ಇನ್ನು ನೀರಿನ ಭಯವಿಲ್ಲ.

ಸತ್ಯ: ಆ ಅಂಕಿ ಹೇಳುವುದು ಹೊಸ ವಾಚು ತಡೆದುಕೊಳ್ಳುವ ಒತ್ತಡವನ್ನು. ಹವ್ಯಾಸಿ ಸ್ಕೂಬಾ ಮುಳುಗುಗಾರರ ಮಿತಿ ಸಾಮಾನ್ಯವಾಗಿ 40 ಮೀಟರ್, ಆದ್ದರಿಂದ ಆಳ ಇಲ್ಲಿ ಸಮಸ್ಯೆಯಲ್ಲ. ನೀರನ್ನು ತಡೆಯುವ ರಬ್ಬರ್ ವಾಷರುಗಳು ವರ್ಷ ಕಳೆದಂತೆ ಒಣಗಿ ಸೊರಗುತ್ತವೆ. ಕೀ ಕೊಡುವ ತಲೆಯನ್ನು ತಿರುಪಿ ಬಿಗಿ ಮಾಡದಿದ್ದರೆ ನಲ್ಲಿ ನೀರೂ ಒಳಗೆ ಹೋದೀತು. ಹಳೆಯ ಸಬ್‌ಮರಿನರ್ ಕೊಂಡವರು ಕಡಲಿಗೆ ಇಳಿಯುವ ಮೊದಲು ನುರಿತ ರಿಪೇರಿಗಾರರಲ್ಲಿ ಒತ್ತಡ ಪರೀಕ್ಷೆ ಮಾಡಿಸಲಿ.