ತಕ್ಕಡಿ ದುರಸ್ತಿಗಾರನಿಗೆ ಹೊಸ ಗ್ರಾಹಕರು ಎಲ್ಲಿ ಸಿಗುತ್ತಾರೆ?

ನಮ್ಮ ಭಾಗದ ವ್ಯಾಪಾರದ ಕುರಿತು ಮಾತು ಬಂದಾಗಲೆಲ್ಲ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹಡಗಲಿಯ ಮಲ್ಲಿಗೆ ಇವುಗಳ ಹೆಸರು ಕೇಳಿಬರುತ್ತದೆ. ಈ ಸರಕುಗಳೆಲ್ಲವೂ ಯಾವ ತಕ್ಕಡಿಯ ಮೇಲೆ ಹಾದುಹೋಗುತ್ತವೆಯೋ ಅದನ್ನು ಸುಸ್ಥಿತಿಯಲ್ಲಿಡುವವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಅತಿ ಸಣ್ಣ, ಆದರೆ ವಿಶಿಷ್ಟ ಸೇವೆಯನ್ನೇ ಕಸುಬಾಗಿಸಿಕೊಂಡವರು ಕೆಲವರಿದ್ದಾರೆ. ಇವರೆಲ್ಲರ ಪ್ರಶ್ನೆ ಒಂದೇ: ಹೊಸ ಗ್ರಾಹಕರನ್ನು ಹುಡುಕುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಕೊನೆಯಲ್ಲಿ ಯುವಕನೊಬ್ಬ ತನ್ನ ಲೆಕ್ಕಪುಸ್ತಕಗಳೊಂದಿಗೆ ನನ್ನ ಕಚೇರಿಗೆ ಬಂದಿದ್ದ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ತಕ್ಕಡಿ ದುರಸ್ತಿಯ ಪರವಾನಗಿ ಪಡೆದು, ಕೂಡ್ಲಿಗಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದ. ಅಂಗಡಿ ಮುಚ್ಚಿ ಹೊಸಪೇಟೆಯ ಕಡೆ ನೌಕರಿಗೆ ಸೇರಬೇಕೆ, ಅಥವಾ ಇನ್ನೊಂದು ವರ್ಷ ಸಾಲ ಮಾಡಿ ನಡೆಸಬೇಕೆ ಎಂದು ಅವನು ನನ್ನನ್ನು ಕೇಳಿದ. ಅವನು ಕರಪತ್ರ ಹಂಚಿದ್ದ, ಬಸ್ ನಿಲ್ದಾಣದ ಬಳಿ ಫಲಕ ಹಾಕಿಸಿದ್ದ. ಅವುಗಳ ಖರ್ಚು ಲೆಕ್ಕಪುಸ್ತಕದಲ್ಲಿತ್ತು, ಆದಾಯದ ಕಡೆ ಅದಕ್ಕೆ ಸರಿಸಾಟಿಯಾದದ್ದು ಏನೂ ಇರಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬಸ್ ನಿಲ್ದಾಣದಲ್ಲಿ ಫಲಕವನ್ನು ನೋಡುವವರಲ್ಲಿ ತಕ್ಕಡಿ ಇರುವವರು ಎಷ್ಟು ಮಂದಿ? ಕಿರಾಣಿ ಅಂಗಡಿಯವನಿಗೆ ಊರಿನವರೆಲ್ಲ ಗ್ರಾಹಕರಾಗಬಲ್ಲರು. ಆದ್ದರಿಂದ ಅವನು ಸಾರಿ ಹೇಳುವುದು ಸರಿ. ವಿಶಿಷ್ಟ ಸೇವೆಯ ಗ್ರಾಹಕರಾದರೋ ಹೆಸರು ಹಿಡಿದು ಎಣಿಸಬಹುದಾದಷ್ಟೇ ಇರುತ್ತಾರೆ. ಹಾಗಿರುವಾಗ ಜಾಹೀರಾತಿಗಿಂತ ಮೊದಲು ಬೇಕಾದದ್ದು ಪಟ್ಟಿ. ನಾನು ಆ ಯುವಕನಿಗೆ ಹೇಳಿದ್ದು ಇಷ್ಟೇ: ಐದು ತಾಲ್ಲೂಕುಗಳಲ್ಲಿ ತಕ್ಕಡಿ ಎಲ್ಲೆಲ್ಲಿದೆಯೆಂದು ಮೊದಲು ಬರೆದುಕೊಂಡು ಬಾ.

ಪಟ್ಟಿಯ ಅರ್ಧ ಅವನ ಬಳಿಯೇ ಇತ್ತು. ಪರವಾನಗಿ ಪಡೆದ ದುರಸ್ತಿಗಾರನು ತಾನು ದುರಸ್ತಿ ಮಾಡಿದ ತೂಕದ ಸಾಧನಗಳ ವಿವರವನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕೆಂಬುದು ಕಾನೂನು. ಅವನು ಅದನ್ನು ಇನ್‌ಸ್ಪೆಕ್ಟರರಿಗೆ ತೋರಿಸುವ ಸಲುವಾಗಿ ಮಾತ್ರ ಬರೆಯುತ್ತಿದ್ದ. ಹಿಂದಿನ ಪುಟಗಳನ್ನು ತಿರುವಿ ನೋಡಿಯೇ ಇರಲಿಲ್ಲ. ನಾವಿಬ್ಬರೂ ಕುಳಿತು ತಿರುವಿದೆವು. ಒಮ್ಮೆ ಬಂದು ಮತ್ತೆ ಬಾರದವರ ಹೆಸರುಗಳೇ ಅಲ್ಲಿ ಹೆಚ್ಚಾಗಿದ್ದವು. ಅವರು ಅಸಮಾಧಾನಗೊಂಡು ದೂರವಾದವರಲ್ಲ, ಮರೆತವರು. ಹೊಸ ಗ್ರಾಹಕರ ಹುಡುಕಾಟದಲ್ಲಿ ಇವರಿಗೇ ಮೊದಲ ಸ್ಥಾನ ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಸದಸ್ಯ ಬಾಂಧವರು ಗಮನಿಸಬೇಕು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ 24ನೇ ಕಲಮಿನಂತೆ ವ್ಯಾಪಾರದಲ್ಲಿ ಬಳಸುವ ತೂಕ ಮತ್ತು ಅಳತೆಯ ಸಾಧನಗಳು ಸತ್ಯಾಪನೆಗೊಂಡು ಮುದ್ರೆ ಪಡೆದಿರಬೇಕು. 2011ರ ಸಾಮಾನ್ಯ ನಿಯಮಗಳ ಪ್ರಕಾರ ತೂಕದ ಬಟ್ಟು, ದಂಡದ ತಕ್ಕಡಿ ಮುಂತಾದವುಗಳಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿ ಹಾಗೂ ವೇಬ್ರಿಡ್ಜ್‌ಗಳಿಗೆ 12 ತಿಂಗಳಿಗೊಮ್ಮೆ ಮರುಸತ್ಯಾಪನೆ ಆಗಬೇಕು. ಮುದ್ರೆ ಹಾಕುವುದು ದುರಸ್ತಿಗಾರನ ಕೆಲಸವಲ್ಲ; ಸಾಧನವನ್ನು ಸರಿಪಡಿಸಿ ಸತ್ಯಾಪನೆಗೆ ಸಿದ್ಧಗೊಳಿಸುವುದಷ್ಟೇ ಅವನ ಪಾಲಿನದು. ಆದರೆ ಮುದ್ರೆಯಲ್ಲಿ ವರ್ಷವೂ ತ್ರೈಮಾಸಿಕವೂ ಗುರುತಾಗಿರುತ್ತವೆ. ಅಂದರೆ, ಪ್ರತಿಯೊಬ್ಬ ಗ್ರಾಹಕನಿಗೂ ಈ ಸೇವೆ ಮುಂದೆ ಯಾವಾಗ ಬೇಕಾಗುತ್ತದೆ ಎಂಬುದು ಅವನ ತಕ್ಕಡಿಯ ಮೇಲೆಯೇ ಬರೆದಿದೆ! ಇಂಥ ಅನುಕೂಲ ಬೇರೆ ಯಾವ ಕಸುಬಿನವರಿಗೆ ಉಂಟು? ಅವಧಿ ಮುಗಿಯುವ ಒಂದು ತಿಂಗಳ ಮೊದಲು ಒಂದು ದೂರವಾಣಿ ಕರೆ ಮಾಡಿದರೆ ಅದು ಉಪದ್ರವವೆನಿಸುವುದಿಲ್ಲ, ಉಪಕಾರವೆನಿಸುತ್ತದೆ.

ಪಟ್ಟಿಯ ಉಳಿದರ್ಧ ಹೊರಗೆ ಓಡಾಡಿ ಮಾಡಬೇಕಾದದ್ದು. ಕೃಷಿ ಉತ್ಪನ್ನ ಮಾರುಕಟ್ಟೆಗಳ ದಲಾಲಿ ಅಂಗಡಿಗಳು, ವೇಬ್ರಿಡ್ಜ್‌ಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು, ನ್ಯಾಯಬೆಲೆ ಅಂಗಡಿಗಳು, ಗೊಬ್ಬರ ಮತ್ತು ಬೀಜದ ವರ್ತಕರು, ಚಿನ್ನ ಬೆಳ್ಳಿ ವ್ಯಾಪಾರಿಗಳು, ಗುಜರಿಯವರು, ಹುಣಸೆಹಣ್ಣು ಕೊಳ್ಳುವವರು. ಇವರನ್ನು ಭೇಟಿಯಾಗಲು ಕಾಲವರಿತು ಹೋಗಬೇಕು. ದಸರೆ ಕಳೆದ ಮೇಲೆ ಮೆಕ್ಕೆಜೋಳದ ಆವಕ ಏರಿದಾಗ ವೇಬ್ರಿಡ್ಜ್‌ನವನಿಗೆ ಮಾತನಾಡಲು ಬಿಡುವಿರುವುದಿಲ್ಲ. ಆಗ ಯಂತ್ರ ಕೆಟ್ಟರೆ ಲಾರಿಗಳ ಸಾಲು ನಿಲ್ಲುತ್ತದೆ, ಅವನು ದೂರದ ಕಂಪನಿಯವರನ್ನೇ ಕರೆಸುತ್ತಾನೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದವನಿಗೆ ಕುರ್ಚಿಯೂ ಚಹಾವೂ ಸಿಗುತ್ತದೆ. ಮಾಘಮಾಸದಲ್ಲಿ ಮೈಲಾರದ ಜಾತ್ರೆ, ಕೊಟ್ಟೂರೇಶ್ವರನ ರಥೋತ್ಸವ. ಆ ದಿನಗಳಲ್ಲಿ ಅಂಗಡಿಯವರನ್ನು ಕಾಣಹೋಗುವುದು ವ್ಯರ್ಥ. ಸಂತೆಯ ದಿನವೂ ಹಾಗೆಯೇ. ಸಂತೆಯ ಮರುದಿನ ಹೋದರೆ ಹಿಂದಿನ ದಿನ ಕೈಕೊಟ್ಟ ತಕ್ಕಡಿ ಮೂಲೆಯಲ್ಲಿ ಕುಳಿತಿರುತ್ತದೆ.

ನಮ್ಮ ಐದು ತಾಲ್ಲೂಕುಗಳನ್ನು ಒಂದೇ ಮಾರುಕಟ್ಟೆಯೆಂದು ಭಾವಿಸುವುದು ಕೂಡ ತಪ್ಪು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆ ಬದಲಾದರೂ ಅಲ್ಲಿನ ವರ್ತಕರ ಕೊಡುಕೊಳೆಯ ಒಲವು ಇಂದಿಗೂ ದಾವಣಗೆರೆಯ ಕಡೆಗಿದೆ. ಕೂಡ್ಲಿಗಿಯದು ಹೆದ್ದಾರಿಯ ಊರು. ಹೊಸಪೇಟೆ, ಚಿತ್ರದುರ್ಗಗಳತ್ತ ಅದರ ಮುಖ. ಕೂಡ್ಲಿಗಿಯ ದುರಸ್ತಿಗಾರನನ್ನು ಕೊಟ್ಟೂರಿನವರು ಸುಲಭವಾಗಿ ನಂಬುತ್ತಾರೆ, ಹರಪನಹಳ್ಳಿಯವರು ಯಾರ ಕಡೆಯವನೆಂದು ಕೇಳುತ್ತಾರೆ. ಅಲ್ಲಿ ಪರಿಚಯದ ಒಂದು ಮಾತು ಇಲ್ಲದೆ ಕಾಲಿಡಬಾರದು.

ಪರಿಚಯದ ಮಾತನ್ನು ಕೇಳಿ ಪಡೆಯುವುದಕ್ಕೆ ನಮ್ಮವರಿಗೆ ಸಂಕೋಚ. ಕೆಲಸ ಮೆಚ್ಚಿದ ದಲಾಲಿ ವರ್ತಕರನ್ನು "ನಾಲ್ಕು ಜನಕ್ಕೆ ಹೇಳಿ" ಎಂದರೆ ಅವರು ಹೂಂ ಎಂದು ಮರೆಯುತ್ತಾರೆ. "ನಿಮ್ಮ ಸಾಲಿನಲ್ಲಿ ಈ ವರ್ಷ ಮುದ್ರೆ ಮುಗಿಯುವ ಇಬ್ಬರ ಹೆಸರು ಹೇಳಿ, ನಿಮ್ಮ ಹೆಸರೆತ್ತಿ ಹೋಗುತ್ತೇನೆ" ಎಂದರೆ ಕೆಲಸವಾಗುತ್ತದೆ. (ಗ್ರಾಹಕರನ್ನು ಹುಡುಕುವ ಬಗೆಯನ್ನು ನಾನು ಬೋಧಿಸುವುದು ವಿಚಿತ್ರವೇ ಸರಿ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮದ ಮೊದಲ ಅನುಸೂಚಿ ನಮ್ಮ ವೃತ್ತಿಯವರು ಕಕ್ಷಿದಾರರನ್ನು ಯಾಚಿಸುವುದನ್ನು ನಿರ್ಬಂಧಿಸಿದೆ. ಕೆಲಮಟ್ಟಿನ ಸಡಿಲಿಕೆಗಳು ಬಂದಿವೆಯಾದರೂ ನಾವು ಬಾಯಿಮಾತಿನ ಮೇಲೆಯೇ ಬದುಕಿದವರು. ಪ್ರಾಯಶಃ ಆದ್ದರಿಂದಲೇ ಅದರ ಬೆಲೆ ನಮಗೆ ಗೊತ್ತು.)

ಖರ್ಚಿನ ಲೆಕ್ಕವನ್ನು ಮರೆಯುವಂತಿಲ್ಲ. ಉದಾಹರಣೆಗೆ, ಕೂಡ್ಲಿಗಿಯಿಂದ ಹಡಗಲಿಗೆ ಹೋಗಿಬರಲು ಪೆಟ್ರೋಲು ಮತ್ತು ಅರ್ಧ ದಿನದ ದುಡಿಮೆ ಸೇರಿ 700 ರೂಪಾಯಿ ತಗಲುತ್ತದೆಂದೂ, ಒಂದು ತಕ್ಕಡಿಯ ದುರಸ್ತಿಯಲ್ಲಿ ಬಿಡಿಭಾಗ ಕಳೆದು 300 ರೂಪಾಯಿ ಉಳಿಯುತ್ತದೆಂದೂ ಇಟ್ಟುಕೊಳ್ಳಿ. ಒಬ್ಬ ಗ್ರಾಹಕನಿಗಾಗಿ ಹೋದರೆ 400 ರೂಪಾಯಿ ನಷ್ಟ, ನಾಲ್ವರು ಸಿಕ್ಕರೆ 500 ರೂಪಾಯಿ ಲಾಭ. ಆದಕಾರಣ ಹೊಸ ಗ್ರಾಹಕನನ್ನು ಹಳೆಯ ಗ್ರಾಹಕನ ಪಕ್ಕದ ಅಂಗಡಿಯಲ್ಲೇ ಹುಡುಕುವುದು ಲೇಸು. ದೂರದ ಒಂಟಿ ಗ್ರಾಹಕನು ವಹಿವಾಟನ್ನು ಹಿಗ್ಗಿಸಿ ತೋರಿಸುತ್ತಾನೆ, ಲಾಭವನ್ನು ತಿನ್ನುತ್ತಾನೆ.

ಬಿಲ್ಲಿನ ವಿಷಯ ಚಿಕ್ಕದಾದರೂ ಹೇಳಬೇಕು. ಸಹಕಾರ ಸಂಘಗಳು, ಮಿಲ್ಲುಗಳು ಬಿಲ್ಲಿಲ್ಲದೆ ಹಣ ಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ 40 ಲಕ್ಷ ರೂಪಾಯಿಗಳ ಮಿತಿ ಕೇವಲ ಸರಕು ಮಾರುವವರಿಗೆ ಮಾತ್ರ. ಸೇವೆಯೂ ಸೇರಿದರೆ ಸಾಮಾನ್ಯವಾಗಿ 20 ಲಕ್ಷ. ಬಿಡಿಭಾಗ ಮಾರುವ ದುರಸ್ತಿಗಾರರು ಇದನ್ನು ತಪ್ಪಾಗಿ ತಿಳಿದಿರುವುದನ್ನು ಕಂಡಿದ್ದೇನೆ.

ಇನ್ನೊಂದು ಮಾತು ಹೇಳಲು ಹಿತಕರವಲ್ಲ. ಹೊಸದಾಗಿ ಬಂದ ಗ್ರಾಹಕರಲ್ಲಿ ಅಪರೂಪಕ್ಕೊಬ್ಬರು ತಕ್ಕಡಿಯನ್ನು "ಸ್ವಲ್ಪ ನೋಡಿಕೊಂಡು ಕೂರಿಸಿ" ಎನ್ನುವವರಿರುತ್ತಾರೆ. ದರ ಎಷ್ಟೇ ಆಶೆ ಹುಟ್ಟಿಸಲಿ, ಅವರನ್ನು ಅಲ್ಲಿಯೇ ಹಿಂದಿರುಗಿಸಬೇಕು. ಪರವಾನಗಿ ಹೋಗುವ ಭಯ ಒಂದು ಕಡೆ. ಅದಕ್ಕಿಂತ ಮೊದಲೇ ಸುದ್ದಿ ಮಾರುಕಟ್ಟೆಯ ಪ್ರಾಂಗಣ ಸುತ್ತಿರುತ್ತದೆ. ತೂಕದಲ್ಲಿ ಮೋಸಹೋದ ರೈತ ಆ ದಲಾಲಿಯನ್ನೂ ಬಿಡುತ್ತಾನೆ, ತಕ್ಕಡಿ ಮುಟ್ಟಿದವನ ಹೆಸರನ್ನೂ ಹೇಳುತ್ತಾನೆ. ಆ ಯುವಕನಿಗೆ ಅಂಥ ಬೇಡಿಕೆ ಎರಡು ಸಲ ಬಂದಿತ್ತಂತೆ, ಅದೂ ಕೈಯಲ್ಲಿ ಕಾಸಿಲ್ಲದ ತಿಂಗಳಿನಲ್ಲಿ. ಅವನು ಒಪ್ಪಿರಲಿಲ್ಲ.

ಅವನು ಅಂಗಡಿ ಮುಚ್ಚಲಿಲ್ಲ. ರಿಜಿಸ್ಟರಿನ ಹೆಸರುಗಳನ್ನು ತ್ರೈಮಾಸಿಕದ ಪ್ರಕಾರ ನಾಲ್ಕು ಪಟ್ಟಿಗಳಾಗಿ ವಿಂಗಡಿಸಿದ. ಮೊದಲ ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳನ್ನಷ್ಟೇ ನೋಡಿಕೊಂಡ. ಹಡಗಲಿಯ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಳ್ಳಬೇಕು. ಸದ್ಯಕ್ಕೆ ಆ ತಾಲ್ಲೂಕನ್ನು ಬಿಟ್ಟುಬಿಡು ಎಂದು ನಾನು ಹೇಳಿದ್ದೆ. ಮಲ್ಲಿಗೆ ಹೂವಿನ ವ್ಯಾಪಾರಿಗಳ ಸಣ್ಣ ತಕ್ಕಡಿಗಳು ತೇವಕ್ಕೆ ಸಿಕ್ಕಿ ಪದೇಪದೇ ಕೆಡುತ್ತವೆ ಎಂಬುದು ಕಚೇರಿಯಲ್ಲಿ ಕುಳಿತ ನನಗೆ ಹೊಳೆದಿರಲಿಲ್ಲ. ಎರಡನೆಯ ವರ್ಷ ಅವನೇ ಅಲ್ಲಿಗೆ ಹೋಗಿ ಬಂದ. ಈಗ ತಿಂಗಳಿಗೆರಡು ದಿನ ನಿಗದಿಮಾಡಿಕೊಂಡು ಹೋಗುತ್ತಾನೆ, ಕೆಟ್ಟ ತಕ್ಕಡಿಗಳನ್ನು ಆ ದಿನಕ್ಕೆ ಒಂದೇ ಅಂಗಡಿಯಲ್ಲಿ ಕೂಡಿಟ್ಟಿರುತ್ತಾರೆ.